ಫೈಲ್ ನಾಲ್ಕು, ರೆಕಾರ್ಡಿಂಗ್ ಎರಡು: ‘ಪಾಪಾ ವಾಸ್ ಎ ರೋಲಿನ್ ಸ್ಟೋನ್’ ಹಾಡನ್ನು ಹೋಲಿಸಿ ಕೇಳುವ ಸಮಗ್ರ ಮಾರ್ಗದರ್ಶಿ

‘ಪಾಪಾ ವಾಸ್ ಎ ರೋಲಿನ್ ಸ್ಟೋನ್’ 1972ರ ಒಂದು ಅಮೆರಿಕನ್ ಹಾಡು. ಈ ಹಾಡಿನ ಬೇರೆ ಬೇರೆ ರೆಕಾರ್ಡಿಂಗ್‌ಗಳನ್ನು ಹೋಲಿಸಿ ಬರೆದ ಟಿಪ್ಪಣಿಗಳನ್ನು ಹಲವರು ನನಗೆ ತೋರಿಸಿದ್ದಾರೆ. ಬಹುತೇಕ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಎರಡು ಲಿಂಕ್ ತೆರೆಯುತ್ತಾರೆ, ಒಂದಾದ ಮೇಲೆ ಒಂದು ಕೇಳುತ್ತಾರೆ, "ಇದು ಚೆನ್ನಾಗಿದೆ, ಅದು ಯಾಕೋ ಸಪ್ಪೆ" ಎಂದು ಬರೆದು ಮುಗಿಸುತ್ತಾರೆ. ಯಾಕೆ ಚೆನ್ನಾಗಿದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅವರ ಕಿವಿಯಲ್ಲಿ ಏನೂ ದೋಷವಿಲ್ಲ. ಕೇಳುವ ಕ್ರಮ ತಪ್ಪಿದೆ ಅಷ್ಟೆ.

ಹಾಡಿನ ಹೆಸರಿಗೆ ‘ಅಪ್ಪ ಅಲೆಮಾರಿಯಾಗಿದ್ದ’ ಎಂದರ್ಥ. ತಂದೆ ತೀರಿಕೊಂಡಿದ್ದಾನೆ. ಅವನನ್ನು ಸರಿಯಾಗಿ ನೋಡಿರದ ಮಕ್ಕಳು ತಾಯಿಯನ್ನು ಸುತ್ತುವರಿದು, ಊರವರು ಆಡಿಕೊಳ್ಳುವ ಮಾತೆಲ್ಲ ನಿಜವಾ ಎಂದು ಕೇಳುತ್ತಾರೆ. ಹಾಡು ಇಷ್ಟೇ. ಬಡತನ, ಅಪ್ಪನಿಲ್ಲದ ಮನೆ, ತಾಯಿಯ ನಾಚಿಕೆ ಎಲ್ಲ ಇದರೊಳಗಿದೆ. ಆತುರದಲ್ಲಿ ಕೇಳಿದರೆ ಇದು ಕುಣಿಯುವ ಹಾಡಾಗಿಬಿಡುತ್ತದೆ.

## ಮೊದಲು ಬೇಕಾಗುವ ಸಾಮಾನು

ವೈರ್ ಇರುವ ಒಂದು ಸಾಧಾರಣ ಹೆಡ್‌ಫೋನ್ ಸಾಕು. ಬೇಸ್, ಅಂದರೆ ತಗ್ಗಿನ ಸದ್ದು, ಹೆಚ್ಚಿಸಿ ಕೊಡುವ ಹೆಡ್‌ಫೋನ್ ಬೇಡ. ಈ ಹಾಡಿನಲ್ಲಿ ಬೇಸ್ ಗಿಟಾರ್ ಎಷ್ಟು ನುಡಿಸುತ್ತದೆ, ಎಷ್ಟು ಸುಮ್ಮನಿರುತ್ತದೆ ಎಂಬುದೇ ಮುಖ್ಯ. ಅಂಥ ಹೆಡ್‌ಫೋನ್ ಆ ಮೌನವನ್ನೂ ತುಂಬಿಬಿಡುತ್ತದೆ.

ಒಂದು ನೋಟ್‌ಬುಕ್, ಪೆನ್ಸಿಲ್ ಇರಲಿ. ಕಂಪ್ಯೂಟರ್ ಇದ್ದರೆ ಆಡಾಸಿಟಿ ಎಂಬ ಸದ್ದು ಎಡಿಟ್ ಮಾಡುವ ತಂತ್ರಾಂಶ ಹಾಕಿಕೊಳ್ಳಿ, ಅದು ಉಚಿತ. ಹಾಡಿನ ಫೈಲ್ ನಿಮ್ಮದಾಗಿದ್ದರೆ ಮಾತ್ರ ಆಡಾಸಿಟಿ ಉಪಯೋಗಕ್ಕೆ ಬರುತ್ತದೆ. ಆ್ಯಪ್‌ನಲ್ಲೇ ಕೇಳುವವರಿಗೆ ನೋಟ್‌ಬುಕ್ ಸಾಕು. ಇನ್ನೊಂದು ಸಾಮಾನು ನಮ್ಮಲ್ಲಿ ತುಂಬ ಜನರ ಫೋನಿನಲ್ಲಿ ಆಗಲೇ ಇರುತ್ತದೆ: ತಂಬೂರಿ ಆ್ಯಪ್. ಅದು ಯಾಕೆ ಎಂದು ಎರಡನೇ ಹಂತದಲ್ಲಿ ಹೇಳುತ್ತೇನೆ.

ಸಮಯವೂ ಬೇಕು. ದೊಡ್ಡ ರೆಕಾರ್ಡಿಂಗ್ ಸುಮಾರು 12 ನಿಮಿಷ ಇದೆ. ಅದನ್ನು ಕನಿಷ್ಠ ನಾಲ್ಕು ಸಲ ಕೇಳಬೇಕಾಗುತ್ತದೆ. ಒಂದೇ ಸಂಜೆಯಲ್ಲಿ ಮುಗಿಸಲು ಹೋಗಬೇಡಿ. ಎರಡು ದಿನ ಇಟ್ಟುಕೊಳ್ಳಿ.

## ಹಂತ 1: ಯಾವುದು ಏನು ಎಂದು ಗುರುತು ಮಾಡಿಕೊಳ್ಳಿ

ಹೆಚ್ಚಿನ ಹೋಲಿಕೆಗಳು ಕೆಡುವುದು ಇಲ್ಲೇ. ಐದು ಪದಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಹಾಡುಗಾರರು, ವಾದ್ಯದವರು ಹೊಸದಾಗಿ ಹಾಡಿ ನುಡಿಸಿದರೆ ಅದು ಬೇರೆ ರೆಕಾರ್ಡಿಂಗ್. ಅದೇ ರೆಕಾರ್ಡಿಂಗನ್ನು ಕತ್ತರಿಸಿ ಗಿಡ್ಡ ಮಾಡಿದರೆ ಎಡಿಟ್. ದನಿ, ವಾದ್ಯಗಳ ಪ್ರಮಾಣ ಬದಲಿಸಿದರೆ ಬೇರೆ ಮಿಕ್ಸ್. ಹೊಸ ತಾಳವೋ ಸದ್ದೋ ಸೇರಿಸಿದರೆ ರೀಮಿಕ್ಸ್. ಹಳೆಯ ಟೇಪನ್ನು ಚೊಕ್ಕ ಮಾಡಿ ಮತ್ತೆ ಬಿಟ್ಟರೆ ರೀಮಾಸ್ಟರ್.

ಈಗ ಈ ಹಾಡಿಗೆ ಬನ್ನಿ. ಬರೆದವರು ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್. ಇಬ್ಬರೂ ಆಗ ಅಮೆರಿಕದ ಮೋಟೌನ್ ಎಂಬ ರೆಕಾರ್ಡ್ ಕಂಪನಿಯವರು. ನಿಮ್ಮ ಪಟ್ಟಿಯಲ್ಲಿ ಇವು ಇರಲಿ:

1. ದಿ ಅನ್‌ಡಿಸ್ಪ್ಯೂಟೆಡ್ ಟ್ರೂತ್ ತಂಡದ ಸಿಂಗಲ್ (ಒಂದು ಹಾಡಿಗೆಂದೇ ಬಿಡುವ ಚಿಕ್ಕ ರೆಕಾರ್ಡ್), 1972. ಮೂರೂವರೆ ನಿಮಿಷದ ಆಸುಪಾಸು.
2. ದಿ ಟೆಂಪ್ಟೇಷನ್ಸ್ ತಂಡದ ‘ಆಲ್ ಡೈರೆಕ್ಷನ್ಸ್’ ಆಲ್ಬಮ್‌ನಲ್ಲಿರುವುದು, 1972. ಸುಮಾರು 12 ನಿಮಿಷ.
3. ಟೆಂಪ್ಟೇಷನ್ಸ್ ಅವರದೇ ಸಿಂಗಲ್, ಅದೇ ವರ್ಷ. ಸುಮಾರು 7 ನಿಮಿಷ.
4. ಆ ಸಿಂಗಲ್‌ನ ಹಿಂಬದಿ. ಬರೀ ವಾದ್ಯ, ಹಾಡುಗಾರರ ದನಿ ಇಲ್ಲ.

ಫೈಲ್ ನಾಲ್ಕಿವೆ, ಆದರೆ ರೆಕಾರ್ಡಿಂಗ್ ಎರಡೇ. ಮೂರನೆಯದು ಎರಡನೆಯದರ ಎಡಿಟ್. ನಾಲ್ಕನೆಯದು ಅದೇ ವಾದ್ಯದ ಟ್ರ್ಯಾಕ್. "ಸಿಂಗಲ್‌ನಲ್ಲಿ ಟೆಂಪ್ಟೇಷನ್ಸ್ ಇನ್ನೂ ಜೋರಾಗಿ ಹಾಡಿದ್ದಾರೆ" ಎಂದು ಬರೆದವರಿದ್ದಾರೆ. ಅವರು ಎರಡು ಸಲ ಹಾಡಿಲ್ಲ. ಒಂದೇ ಹಾಡುಗಾರಿಕೆ ಎರಡು ಉದ್ದದಲ್ಲಿ ಇದೆ.

ಇನ್ನೊಂದು ತಪ್ಪು ಇನ್ನೂ ಸಾಮಾನ್ಯ. ಟೆಂಪ್ಟೇಷನ್ಸ್ ಹಾಡಿದ್ದು 1972ರ ಡಿಸೆಂಬರ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಅನ್‌ಡಿಸ್ಪ್ಯೂಟೆಡ್ ಟ್ರೂತ್ ಹಾಡಿದ್ದು 63ರ ಮೇಲೆ ಏರಲಿಲ್ಲ. ಹಾಗಾಗಿ ಅನ್‌ಡಿಸ್ಪ್ಯೂಟೆಡ್ ಟ್ರೂತ್ ಅವರದನ್ನು ನಕಲು ಎಂದು ತಿಳಿದುಬಿಡುತ್ತಾರೆ. ಮೊದಲು ಹೊರಬಂದಿದ್ದು ಅನ್‌ಡಿಸ್ಪ್ಯೂಟೆಡ್ ಟ್ರೂತ್ ಅವರದ್ದೇ. ಎರಡನ್ನೂ ಮಾಡಿಸಿದವರು ವಿಟ್‌ಫೀಲ್ಡ್ ಅವರೇ. ಅಂದರೆ ನೀವು ಹೋಲಿಸುತ್ತಿರುವುದು ಒಬ್ಬರೇ ಮನುಷ್ಯ ಕೆಲವೇ ತಿಂಗಳ ಅಂತರದಲ್ಲಿ ಮಾಡಿದ ಎರಡು ಪ್ರಯತ್ನಗಳನ್ನು. ಇದು ಗೊತ್ತಾದ ಮೇಲೆ ಕೇಳುವ ಪ್ರಶ್ನೆಯೇ ಬದಲಾಗುತ್ತದೆ. "ಯಾರು ಚೆನ್ನಾಗಿ ಹಾಡಿದರು" ಎನ್ನುವುದಕ್ಕಿಂತ "ಎರಡನೇ ಸಲ ಅವರು ಏನನ್ನು ಬದಲಿಸಿದರು, ಯಾಕೆ" ಎಂಬ ಪ್ರಶ್ನೆ ದೊಡ್ಡದು.

ಎಚ್ಚರಿಕೆಯ ಗುರುತುಗಳು: ಟೆಂಪ್ಟೇಷನ್ಸ್ ಹೆಸರಿನ ಫೈಲ್ ಮೂರ್ನಾಲ್ಕು ನಿಮಿಷ ಮಾತ್ರ ಇದ್ದರೆ ಅದು ಮೂಲ ಸಿಂಗಲ್ ಅಲ್ಲ. ಡ್ರಮ್ ಯಂತ್ರದ ಸದ್ದು ಕೇಳಿಸಿದರೆ 1987ರ ರೀಮಿಕ್ಸ್ ಇರಬಹುದು. ಬ್ರಿಟನ್ನಿನ ಗಾಯಕ ಜಾರ್ಜ್ ಮೈಕೆಲ್ 1991ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಹಾಡಿ, 1993ರಲ್ಲಿ ‘ಫೈವ್ ಲೈವ್’ನಲ್ಲಿ ಬಿಟ್ಟಿದ್ದು ಇನ್ನೊಂದು ಹಾಡಿನ ಜೊತೆ ಹೆಣೆದದ್ದು. ಅದನ್ನು ಪೂರ್ತಿಯಾಗಿ ತಂದು ಇವುಗಳ ಪಕ್ಕ ಇಡಬೇಡಿ. ‘ಹಳೇ ಹಿಟ್‌ಗಳು’ ಎಂಬ ಅಗ್ಗದ ಸಂಗ್ರಹಗಳ ಬಗ್ಗೆಯೂ ಹುಷಾರು. ನಾನು ಕೊಂಡ ಅಂಥ ಒಂದು ಸಿಡಿಯಲ್ಲಿ ಎಷ್ಟೋ ವರ್ಷದ ನಂತರ ಮತ್ತೆ ಹಾಡಿಸಿದ್ದನ್ನು ಮೂಲದ ಹೆಸರಿನಲ್ಲೇ ತುಂಬಿದ್ದರು. ಅದರ ಮೇಲೆ ಮೂರು ಪುಟ ಬರೆದು, ಆಮೇಲೆ ಎಲ್ಲ ಹರಿದುಹಾಕಬೇಕಾಯಿತು. ಅನುಮಾನ ಬಂದರೆ ಮ್ಯೂಸಿಕ್‌ಬ್ರೇನ್ಜ್ ಅಥವಾ ಡಿಸ್ಕಾಗ್ಸ್ ಎಂಬ ರೆಕಾರ್ಡ್ ಮಾಹಿತಿಯ ಜಾಲತಾಣಗಳಲ್ಲಿ ಉದ್ದ, ವರ್ಷ, ಲೇಬಲ್ ಮೂರನ್ನೂ ತಾಳೆ ನೋಡಿ. ಎರಡೂ ಸಿಂಗಲ್‌ಗಳು ಬಂದಿದ್ದು ಮೋಟೌನ್‌ನ ಗಾರ್ಡಿ ಲೇಬಲ್‌ನಲ್ಲಿ.

## ಹಂತ 2: ಸದ್ದು, ವೇಗ ಎರಡನ್ನೂ ಸಮ ಮಾಡಿ

ಎರಡು ರೆಕಾರ್ಡಿಂಗ್‌ಗಳಲ್ಲಿ ಒಂದು ಸ್ವಲ್ಪವೇ ಜೋರಾಗಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಎನ್ನುತ್ತದೆ. ಜೋರಾಗಿದೆ ಅಂತ ಅನ್ನಿಸುವುದಿಲ್ಲ. "ಸ್ಪಷ್ಟವಾಗಿದೆ", "ಜೀವ ಇದೆ" ಅಂತ ಅನ್ನಿಸುತ್ತದೆ. ಅದಕ್ಕೇ ಇದು ಮೋಸ ಮಾಡುವುದು.

ಆ್ಯಪ್‌ನಲ್ಲಿ ಕೇಳುವವರು ಸದ್ದು ಸಮ ಮಾಡುವ ಸೆಟ್ಟಿಂಗ್ ಆನ್ ಮಾಡಿ. ತಗ್ಗಿನ, ಮೇಲಿನ ಸದ್ದುಗಳನ್ನು ಏರಿಳಿಸುವ ಈಕ್ವಲೈಜರ್ ಆಫ್ ಇರಲಿ. ಒಂದು ಹಾಡು ಇನ್ನೊಂದರೊಳಗೆ ಕರಗುವ ಕ್ರಾಸ್‌ಫೇಡ್ ಕೂಡ ಆಫ್ ಇರಲಿ. ಅದನ್ನು ಮರೆತರೆ ಹಾಡಿನ ಮೊದಲ ಕೆಲವು ಸೆಕೆಂಡ್‌ಗಳೇ ಹಾಳಾಗುತ್ತವೆ.

ಆಡಾಸಿಟಿ ಬಳಸುವವರಿಗೆ ಒಂದು ಮಾತು. ಹಾಡು ಪೂರ್ತಿ ಆಯ್ದು ಸದ್ದನ್ನು ತಾನೇ ಸಮ ಮಾಡುವ ಲೌಡ್‌ನೆಸ್ ನಾರ್ಮಲೈಸೇಶನ್ ಒತ್ತಿದರೆ ಈ ಹಾಡಿಗೆ ಕೆಲಸ ಸರಿಯಾಗುವುದಿಲ್ಲ. ದೊಡ್ಡ ರೆಕಾರ್ಡಿಂಗ್‌ನಲ್ಲಿ ಬರೀ ವಾದ್ಯದ ತೆಳುವಾದ ಭಾಗ ಬಹಳ ಉದ್ದ. ಆ ಭಾಗವೂ ಲೆಕ್ಕಕ್ಕೆ ಬಂದು ಸರಾಸರಿ ಬದಲಾಗುತ್ತದೆ. ಅದರ ಬದಲು ಎರಡರಿಂದಲೂ ಪಲ್ಲವಿಯ 20 ಸೆಕೆಂಡ್ ಆರಿಸಿ. ಒಂದಾದ ಮೇಲೆ ಒಂದು ಹಾಕಿ ಕೇಳುತ್ತಾ, ಟ್ರ್ಯಾಕಿನ ಪಕ್ಕದಲ್ಲಿ ಸದ್ದು ಏರಿಳಿಸುವ ಗೇನ್ ಸ್ಲೈಡರ್ ಸರಿಸಿ ದನಿಗಳು ಒಂದೇ ಮಟ್ಟಕ್ಕೆ ಬರುವಂತೆ ಮಾಡಿ. ಒಮ್ಮೆ ಸರಿ ಮಾಡಿದ ಮೇಲೆ ಮತ್ತೆ ಮುಟ್ಟಬೇಡಿ.

ಈಗ ತಂಬೂರಿ ಆ್ಯಪ್. ಟೆಂಪ್ಟೇಷನ್ಸ್ ಹಾಡು ಉದ್ದಕ್ಕೂ ಬಿ ಫ್ಲಾಟ್ ಮೈನರ್ ಎಂಬ ಒಂದೇ ಕಾರ್ಡ್‌ನಲ್ಲಿ, ಅಂದರೆ ಒಟ್ಟಿಗೆ ನುಡಿಯುವ ಒಂದೇ ಸ್ವರಗಳ ಗುಂಪಿನಲ್ಲಿ, ನಿಂತಿದೆ. ಬೇರೆ ಕಾರ್ಡ್‌ಗೆ ಹೋಗುವುದೇ ಇಲ್ಲ. ಆ್ಯಪ್‌ನಲ್ಲಿ ಎ ಶಾರ್ಪ್ ಅಥವಾ ಬಿ ಫ್ಲಾಟ್ ಇಡಿ, ನಮ್ಮ ಶ್ರುತಿಯ ಲೆಕ್ಕದಲ್ಲಿ ಆರೂವರೆ ಮನೆ. ಹಾಡಿನ ಜೊತೆ ಸಣ್ಣಗೆ ನುಡಿಸಿ. ಶ್ರುತಿ ಕೂತರೆ ಫೈಲ್ ಸರಿಯಾದ ವೇಗದಲ್ಲಿದೆ. ಏಳು ಮನೆಗೆ ಕೂತರೆ ಯಾರೋ ವೇಗ ಹೆಚ್ಚಿಸಿ ಅಪ್‌ಲೋಡ್ ಮಾಡಿದ್ದಾರೆ ಎಂದೇ ಅರ್ಥ. ಅರ್ಧ ಮನೆ ಮೇಲೇರಬೇಕಾದರೆ ವೇಗ ಸುಮಾರು ಶೇ 6 ಹೆಚ್ಚಿರಬೇಕು. 12 ನಿಮಿಷದ ಹಾಡಿನಲ್ಲಿ ಹೆಚ್ಚುಕಡಿಮೆ 40 ಸೆಕೆಂಡ್ ಮಾಯವಾಗುತ್ತದೆ. ಅಂಥ ಫೈಲ್‌ನಲ್ಲಿ ದನಿಗಳು ಎಳಸಾಗಿ ಕೇಳುತ್ತವೆ. ಅದನ್ನು ಹಾಡುಗಾರರ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

## ಹಂತ 3: ಪೆನ್ಸಿಲ್ ಕೆಳಗಿಟ್ಟು ಒಮ್ಮೆ ಕೇಳಿ

ಮೊದಲು ಅನ್‌ಡಿಸ್ಪ್ಯೂಟೆಡ್ ಟ್ರೂತ್. ಆಮೇಲೆ ಹತ್ತು ನಿಮಿಷ ಬಿಟ್ಟು ಟೆಂಪ್ಟೇಷನ್ಸ್ ಆಲ್ಬಮ್ಮಿನದು. ಈ ಕ್ರಮ ತಿರುಗಿಸಬೇಡಿ. 12 ನಿಮಿಷದ್ದು ಮೊದಲು ಕಿವಿಗೆ ಬಿದ್ದರೆ, ಗಿಡ್ಡದ್ದು ಅದರ ಟ್ರೈಲರ್‌ನ ಹಾಗೆ ಕಾಣುತ್ತದೆ. ಅದಕ್ಕೆ ಅದರದೇ ಗತ್ತಿದೆ, ಅದು ಸಿಗದೇ ಹೋಗುತ್ತದೆ.

ಟಿಪ್ಪಣಿ ಬೇಡ, ಸುಮ್ನೆ ಕೇಳಿ. ಫೋನ್ ನೋಡುತ್ತಾ ಕೇಳಬೇಡಿ. ದನಿ ಯಾವಾಗ ಬರುತ್ತದೋ ಎಂದು ಮುಂದಕ್ಕೆ ಎಳೆಯಬೇಡಿ. ಆ ಕಾಯುವಿಕೆಯೂ ಹಾಡಿನದೇ ಒಂದು ಭಾಗ.

## ಹಂತ 4: ಸಮಯದ ನಕ್ಷೆ ಬರೆಯಿರಿ

ಎರಡನೇ ಸಲ ಕೇಳುವಾಗ ಪುಟದ ಎಡಗಡೆ ನಿಮಿಷ, ಸೆಕೆಂಡ್ ಹಾಕುತ್ತಾ ಹೋಗಿ. ಯಾವ ವಾದ್ಯ ಯಾವಾಗ ಒಳಗೆ ಬಂತು, ಯಾವಾಗ ಹೊರಗೆ ಹೋಯಿತು, ಅಷ್ಟೇ. ಆಡಾಸಿಟಿಯಲ್ಲಿ ಹಾಡು ನಡೆಯುತ್ತಿರುವಾಗಲೇ ಕಂಟ್ರೋಲ್ ಮತ್ತು ಎಮ್ ಒತ್ತಿದರೆ ಆ ಜಾಗಕ್ಕೆ ಒಂದು ಚೀಟಿ ಅಂಟಿಕೊಳ್ಳುತ್ತದೆ. ಅದರಲ್ಲಿ ಒಂದು ಪದ ಬರೆದು ಮುಂದೆ ಹೋಗಿ.

ಒಂದು ಗೆರೆ ಮಾತ್ರ ದಪ್ಪಗೆ ಎಳೆಯಿರಿ: ಮೊದಲ ಮಾತು ಯಾವ ಕ್ಷಣಕ್ಕೆ ಬಂತು? ಅನ್‌ಡಿಸ್ಪ್ಯೂಟೆಡ್ ಟ್ರೂತ್‌ನಲ್ಲಿ ಅದು ಬೇಗ ಬರುತ್ತದೆ. ಟೆಂಪ್ಟೇಷನ್ಸ್ ಸಿಂಗಲ್‌ನಲ್ಲಿ 2 ನಿಮಿಷದ ಹತ್ತಿರ. ಆಲ್ಬಮ್‌ನಲ್ಲಿ 4 ನಿಮಿಷದ ಹತ್ತಿರ. ಅಂದರೆ ಮೊದಲ ತಂಡದ ಹಾಡು ಪೂರ್ತಿ ಮುಗಿಯುವಷ್ಟು ಹೊತ್ತಾದ ಮೇಲೂ ಎರಡನೇ ತಂಡದವರು ಇನ್ನೂ ಬಾಯಿ ತೆರೆದಿರುವುದಿಲ್ಲ. ನಿಮ್ಮ ಹೋಲಿಕೆಗೆ ಇದಕ್ಕಿಂತ ಗಟ್ಟಿ ಆಧಾರ ಇನ್ನೊಂದಿಲ್ಲ. ತಂಡದವರಿಗೇ ವಾದ್ಯಕ್ಕೆ ಇಷ್ಟು ಜಾಗ ಹೋದದ್ದು ಇಷ್ಟವಿರಲಿಲ್ಲ.

## ಹಂತ 5: ಕೆಳಗಿನಿಂದ ಮೇಲಕ್ಕೆ ಕೇಳಿ

ಎಲ್ಲರೂ ದನಿಯಿಂದ ಶುರು ಮಾಡುತ್ತಾರೆ. ನೀವು ಬೇಸ್ ಗಿಟಾರ್‌ನಿಂದ ಶುರು ಮಾಡಿ. ದನಿ ಬಂದ ತಕ್ಷಣ ಕಿವಿ ಮಾತಿನ ಹಿಂದೆ ಓಡುತ್ತದೆ, ಕೆಳಗೆ ಏನು ನಡೆಯುತ್ತಿದೆ ಎಂಬುದು ಮರೆಯಾಗುತ್ತದೆ. ಇದಕ್ಕೆ ನಾಲ್ಕನೇ ಫೈಲ್, ಆ ಹಿಂಬದಿಯ ವಾದ್ಯದ ಟ್ರ್ಯಾಕ್, ತುಂಬ ಸಹಾಯ ಮಾಡುತ್ತದೆ. ಅದಕ್ಕೆ ಪ್ರತ್ಯೇಕವಾಗಿ ಒಂದು ಗ್ರ್ಯಾಮಿ ಪ್ರಶಸ್ತಿ ಬಂದಿದೆ ಎಂದರೆ ಅದು ಜಾಗ ತುಂಬಲು ಹಾಕಿದ್ದಲ್ಲ ಎಂಬುದು ಗೊತ್ತಾಗುತ್ತದೆ ಅಲ್ವಾ?

ಆಲ್ಬಮ್ಮಿನ ಮೊದಲ ಒಂದು ನಿಮಿಷವನ್ನೇ ತೆಗೆದುಕೊಳ್ಳಿ. ಹೈ-ಹ್ಯಾಟ್, ಅಂದರೆ ಡ್ರಮ್ಮಿನ ಜೋಡಿ ತಟ್ಟೆ, ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತಿರುತ್ತದೆ. ಬೇಸ್ ಕೆಲವೇ ಸ್ವರ ನುಡಿಸಿ ನಿಂತುಬಿಡುತ್ತದೆ. ಆ ನಿಂತ ಜಾಗವನ್ನು ಬೆರಳಲ್ಲಿ ಎಣಿಸಿ. ಒಂದು, ಎರಡು, ಮೂರು ಎನ್ನುತ್ತಿರುವಾಗ ಮತ್ತೆ ಅದೇ ಸ್ವರಗಳು ಬರುತ್ತವೆ. ಬಾಗಿಲು ಬಡಿದು, ಯಾರಾದರೂ ತೆಗೆಯುತ್ತಾರಾ ಎಂದು ಕಾದು, ಮತ್ತೆ ಬಡಿದ ಹಾಗೆ. ಇದೇ ತುಂಡು ಹಾಡಿನ ಉದ್ದಕ್ಕೂ ತಿರುಗುತ್ತದೆ.

ಆಮೇಲೆ ಒಂದೊಂದೇ ಪದರ. ವಾ-ವಾ ಪೆಡಲ್ (ಕಾಲಿನಿಂದ ಒತ್ತಿ ಸದ್ದು ಬದಲಿಸುವ ಸಾಧನ) ಹಾಕಿದ ಗಿಟಾರ್ ಮಾತಾಡುವ ಹಾಗೆ ಗೊಣಗುತ್ತದೆ. ಅದನ್ನು ನುಡಿಸಿದ ಮೆಲ್ವಿನ್ ರೇಗಿನ್ ಅವರನ್ನು ಎಲ್ಲರೂ ‘ವಾ ವಾ ವಾಟ್ಸನ್’ ಎಂದೇ ಕರೆಯುತ್ತಿದ್ದರು. ಪ್ರತಿಧ್ವನಿ ಹಾಕಿದ ಟ್ರಂಪೆಟ್ ದೂರದಿಂದ ಕೇಳುತ್ತದೆ. ಪಾಲ್ ರೈಸರ್ ಕೂಡಿಸಿದ ಪಿಟೀಲುಗಳು ಒಮ್ಮೆ ಎದ್ದು ಇಳಿಯುತ್ತವೆ. ಚಪ್ಪಾಳೆ ಬರುತ್ತದೆ. ಪ್ರತಿಯೊಂದಕ್ಕೂ ನಿಮ್ಮ ನಕ್ಷೆಯಲ್ಲಿ ಸಮಯ ಇರಬೇಕು.

ತಂಬೂರಿ ಕೇಳಿ ಬೆಳೆದ ಕಿವಿಗೆ ಒಂದೇ ಕಾರ್ಡ್ ಬೇಸರ ತರುವುದಿಲ್ಲ. ಆಧಾರ ಅಲ್ಲಾಡದೆ ನಿಂತಾಗ ಮೇಲೆ ನಡೆಯುವ ಸಣ್ಣ ಬದಲಾವಣೆಯೂ ದೊಡ್ಡದಾಗಿ ಕಾಣುತ್ತದೆ ಎಂಬುದು ನಮಗೆ ಗೊತ್ತು. ಆ ಅಭ್ಯಾಸವನ್ನು ಇಲ್ಲಿ ಬಳಸಿಕೊಳ್ಳಿ. "ಕಾರ್ಡ್ ಬದಲಾಗಲ್ಲ, ಹಾಗಾಗಿ ಬೋರ್" ಎಂದು ಬರೆದವರು ಯಾವ ಬದಲಾವಣೆ ಹುಡುಕಬೇಕೋ ಅದನ್ನು ಹುಡುಕಿಲ್ಲ.

ಈಗ ಅನ್‌ಡಿಸ್ಪ್ಯೂಟೆಡ್ ಟ್ರೂತ್‌ಗೆ ವಾಪಸ್ ಬಂದು ಇದೇ ಪ್ರಶ್ನೆಗಳನ್ನು ಕೇಳಿ. ಬೇಸ್ ಎಷ್ಟು ಜಾಗ ಬಿಡುತ್ತದೆ? ಎಷ್ಟು ವಾದ್ಯ ಒಟ್ಟಿಗೆ ಇವೆ? ದನಿ ಇಲ್ಲದೆ ಅತಿ ಉದ್ದಕ್ಕೆ ಸಾಗುವ ಭಾಗ ಎಷ್ಟು ಸೆಕೆಂಡ್? ವೇಗ ತಿಳಿಯಲು 30 ಸೆಕೆಂಡ್ ಕಾಲು ತಟ್ಟಿ ಎಣಿಸಿ, ಎರಡರಿಂದ ಗುಣಿಸಿ. ತಂಬೂರಿ ಇಟ್ಟು ಅದರ ಮನೆಯನ್ನೂ ಹುಡುಕಿ. "ಇದು ಫಾಸ್ಟ್, ಅದು ಸ್ಲೋ" ಎಂದು ಎಣಿಸದೆ ಬರೆಯಬೇಡಿ. ಸ್ವರಗಳ ನಡುವೆ ಜಾಗ ಜಾಸ್ತಿ ಇದ್ದರೆ ಅದೇ ವೇಗವೂ ನಿಧಾನ ಅನ್ನಿಸುತ್ತದೆ.

## ಹಂತ 6: ಯಾರು ಯಾರ ಮಾತು ಆಡುತ್ತಿದ್ದಾರೆ

ದನಿಯ ಸರದಿ ಈಗ. ಹಾಡಿನ ಸಾಹಿತ್ಯವನ್ನು ಕಾಗದದ ಮೇಲೆ ಇಟ್ಟುಕೊಳ್ಳಿ. ಚರಣಗಳಲ್ಲಿ ಮಕ್ಕಳು ಕೇಳುತ್ತಾರೆ. ಅಪ್ಪ ಒಂದು ದಿನವೂ ದುಡಿದಿಲ್ಲವಂತೆ, ಇನ್ನೊಂದು ಸಂಸಾರ ಇತ್ತಂತೆ, ದೇವರ ಹೆಸರಲ್ಲಿ ಕದ್ದನಂತೆ, ಹೌದಾ ಅಮ್ಮಾ? ಪಲ್ಲವಿ ತಾಯಿಯ ಉತ್ತರ. ಈ ಪ್ರಶ್ನೆ, ಉತ್ತರಗಳ ಪಕ್ಕದಲ್ಲಿ ಯಾರ ದನಿ ಎಂದು ಬರೆಯುತ್ತಾ ಬನ್ನಿ.

ಟೆಂಪ್ಟೇಷನ್ಸ್‌ನಲ್ಲಿ ಐವರೂ ಗಂಡಸರು. ಡೆನ್ನಿಸ್ ಎಡ್ವರ್ಡ್ಸ್ ಅವರ ಒರಟು ದನಿ ಶುರು ಮಾಡುತ್ತದೆ. ಮೆಲ್ವಿನ್ ಫ್ರಾಂಕ್ಲಿನ್ ಅವರದು ಆಳದ ದನಿ, ಡೇಮನ್ ಹ್ಯಾರಿಸ್ ಅವರದು ತುಂಬ ಎತ್ತರದ್ದು. ರಿಚರ್ಡ್ ಸ್ಟ್ರೀಟ್ ನಡುವೆ ಬರುತ್ತಾರೆ. ಸಾಲುಗಳನ್ನು ಹಂಚಿಕೊಂಡಿರುವುದರಿಂದ ಒಂದೇ ಮನೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ನಿಂತ ಹಾಗಾಗುತ್ತದೆ. ದೊಡ್ಡವನಿಗೆ ಸಿಟ್ಟು, ಚಿಕ್ಕವನಿಗೆ ಹೆದರಿಕೆ. ತಾಯಿಯ ಉತ್ತರ ಮಾತ್ರ ಎಲ್ಲರೂ ಸೇರಿ ಹಾಡುತ್ತಾರೆ. ಅವಳ ದನಿ ನಮಗೆ ಕೇಳುವುದೇ ಇಲ್ಲ. ಅವಳು ಹೇಳಿದ್ದನ್ನು ಮಕ್ಕಳ ಬಾಯಲ್ಲಿ ಕೇಳುತ್ತೇವೆ. ಅನ್‌ಡಿಸ್ಪ್ಯೂಟೆಡ್ ಟ್ರೂತ್‌ನಲ್ಲಿ ಒಬ್ಬ ಗಂಡಸು, ಇಬ್ಬರು ಹೆಂಗಸರು: ಜೋ ಹ್ಯಾರಿಸ್, ಬಿಲ್ಲಿ ರೇ ಕ್ಯಾಲ್ವಿನ್, ಬ್ರೆಂಡಾ ಜಾಯ್ಸ್. ಹೆಂಗಸಿನ ದನಿ ಸೇರಿದಾಗ ತಾಯಿ ಹತ್ತಿರ ಬಂದ ಹಾಗಾಗುತ್ತದಾ ಎಂದು ನೀವೇ ಕೇಳಿ ನೋಡಿ. ನನಗಂತೂ ಆಗುತ್ತದೆ.

ಒಂದು ಪದವನ್ನು ಮಾತ್ರ ಹತ್ತು ಸಲವಾದರೂ ಕೇಳಿ. ಪಲ್ಲವಿಯ ಕೊನೆಗೆ, ಅಪ್ಪ ಸತ್ತಾಗ ನಮಗೆ ಬಿಟ್ಟುಹೋದದ್ದು ಏನು ಎನ್ನುವಲ್ಲಿ, ‘ಅಲೋನ್’ ಎಂಬ ಪದ ಬರುತ್ತದೆ. ಒಂಟಿತನ ಎಂದರ್ಥ. ಆದರೆ ಕಿವಿಗೆ ಅದು ‘ಎ ಲೋನ್’, ಒಂದು ಸಾಲ, ಎಂದೂ ಕೇಳುತ್ತದೆ. ಬಡವರ ಮನೆಯಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಆ ಪದದ ಹಿಂದೆ ಎಷ್ಟು ಉಸಿರು ಬಿಟ್ಟಿದ್ದಾರೆ, ಅದನ್ನು ಎಳೆದರಾ ಅಥವಾ ತಟ್ಟನೆ ಬಿಟ್ಟರಾ, ಅದರ ಮುಂದೆ ವಾದ್ಯ ಎಷ್ಟು ಹೊತ್ತು ಸಾಗುತ್ತದೆ, ಎಲ್ಲ ಬರೆದುಕೊಳ್ಳಿ. ಈ ಒಂದು ಪದದ ಮೇಲೆ ಅರ್ಧ ಪುಟ ಬರೆದರೂ ಹೆಚ್ಚಲ್ಲ.

ಎಚ್ಚರಿಕೆ: ಕಥೆಗಳನ್ನು ಕಿವಿಯ ಬದಲು ನಂಬಬೇಡಿ. ಹಾಡಿನ ಮೊದಲ ಸಾಲಿನಲ್ಲಿ ಸೆಪ್ಟೆಂಬರ್ 3 ಬರುತ್ತದೆ. ಎಡ್ವರ್ಡ್ಸ್ ಅವರ ತಂದೆ ತೀರಿದ್ದು ಅದೇ ದಿನ, ಅದಕ್ಕೇ ದನಿಯಲ್ಲಿ ಅಷ್ಟು ನೋವು ಎಂಬ ಕಥೆ ಎಲ್ಲ ಕಡೆ ಸಿಗುತ್ತದೆ. ಅವರ ತಂದೆ ತೀರಿದ್ದು ಅಕ್ಟೋಬರ್‌ನಲ್ಲಿ, ಮತ್ತು ಅವರು ಚರ್ಚಿನ ಬೋಧಕರಾಗಿದ್ದವರು. ಕಥೆ ತಲೆಯಲ್ಲಿದ್ದರೆ ದನಿಯಲ್ಲಿ ಅದೇ ಕೇಳಿಸುತ್ತದೆ. ಏನು ಕೇಳಿಸಿತೋ ಅದನ್ನು ಬರೆಯಿರಿ.

## ಹಂತ 7: ಕತ್ತರಿ ಬಿದ್ದ ಜಾಗ ಹುಡುಕಿ

ಆಲ್ಬಮ್ಮಿನ ನಕ್ಷೆಯನ್ನೂ ಸಿಂಗಲ್‌ನ ನಕ್ಷೆಯನ್ನೂ ಅಕ್ಕಪಕ್ಕ ಇಡಿ. ಐದು ನಿಮಿಷದಷ್ಟು ಎಲ್ಲಿ ಹೋಯಿತು? ಶುರುವಿನಿಂದ ಸುಮಾರು 2 ನಿಮಿಷ ಹೋಗಿದೆ ಎಂಬುದು ಆಗಲೇ ಗೊತ್ತಿದೆ. ಉಳಿದದ್ದನ್ನು ಚರಣಗಳ ನಡುವೆ, ಕೊನೆಯಲ್ಲಿ ಹುಡುಕಿ. ಒಂದು ವಾದ್ಯ ಆಲ್ಬಮ್‌ನಲ್ಲಿ ನಿಧಾನಕ್ಕೆ ಒಳಗೆ ಬರುತ್ತಿದ್ದದ್ದು, ಸಿಂಗಲ್‌ನಲ್ಲಿ ಆಗಲೇ ನುಡಿಯುತ್ತಿದ್ದರೆ ಅಲ್ಲಿ ಕತ್ತರಿ ಬಿದ್ದಿದೆ.

ಸಿಂಗಲನ್ನು ಹೀಗಳೆಯುವುದು ಬೇಡ. ರೇಡಿಯೋದಲ್ಲಿ ಮೂರು ನಿಮಿಷದ ಹಾಡು ಓಡುತ್ತಿದ್ದ ಕಾಲಕ್ಕೆ ಏಳು ನಿಮಿಷವೂ ಧೈರ್ಯವೇ. ಆದರೆ ನನ್ನ ಮಟ್ಟಿಗೆ ಆಲ್ಬಮ್ಮಿನದೇ ಹಾಡಿನ ನಿಜವಾದ ಅಳತೆ. ನಾಲ್ಕು ನಿಮಿಷ ಕಾದ ಮೇಲೆ ಬರುವ ಮೊದಲ ಮಾತು, ಮನೆಯಲ್ಲಿ ಯಾರೂ ಎತ್ತದಿದ್ದ ವಿಷಯವನ್ನು ಕೊನೆಗೆ ಒಬ್ಬ ಎತ್ತಿದ ಹಾಗಿರುತ್ತದೆ. ಎರಡು ನಿಮಿಷಕ್ಕೆ ಬಂದರೆ ಆ ಭಾರ ಅರ್ಧವಾಗುತ್ತದೆ.

## ಹಂತ 8: ಈಗ ಬರೆಯಿರಿ

ಪ್ರತಿ ವಾಕ್ಯಕ್ಕೂ ಒಂದು ಸಮಯ ಇರಲಿ. "ಟೆಂಪ್ಟೇಷನ್ಸ್‌ನಲ್ಲಿ ದುಃಖ ಜಾಸ್ತಿ" ಎಂದು ಬರೆದರೆ ಯಾವ ನಿಮಿಷದಲ್ಲಿ, ಯಾವ ವಾದ್ಯದಿಂದ ಅಥವಾ ಯಾರ ದನಿಯಿಂದ ಹಾಗೆ ಅನ್ನಿಸಿತು ಎಂದು ಪಕ್ಕದಲ್ಲೇ ಹೇಳಿ. ಹೇಳಲು ಆಗದಿದ್ದರೆ ಆ ವಾಕ್ಯ ಹೊಡೆದುಹಾಕಿ, ಇಲ್ಲವೇ ಮತ್ತೆ ಕೇಳಿ.

ಬರೆದದ್ದನ್ನು ಒಬ್ಬ ಗೆಳೆಯನಿಗೆ ಕೊಟ್ಟು ನೋಡಿ. ನೀವು ಕೊಟ್ಟ ಸಮಯಕ್ಕೆ ಹೋಗಿ ಅವನು ಕೇಳಲಿ. ಹತ್ತರಲ್ಲಿ ಏಳು ಕಡೆ "ಹೌದು, ಕೇಳಿಸ್ತು" ಎಂದರೆ ಕೆಲಸ ಆಯಿತು. ಉಳಿದ ಮೂರು ಕಡೆ ನೀವೇ ಹೆಡ್‌ಫೋನ್ ಹಾಕಿಕೊಂಡು ಮತ್ತೊಮ್ಮೆ ಕೂತು ಕೇಳಿ, ಈ ಸಲ ಬೇಸ್ ನಿಂತ ಜಾಗದಿಂದ.